ಹಾರ್ಮೋನನ್ನು ಗುರುತಿಸುವ ಪ್ರೋಟೀನು

ನಮ್ಮ ದೇಹದ ಎಲ್ಲ ಅಂಗಗಳಲ್ಲಿಯೂ ಹರಿಯುವ ರಕ್ತ ಒಂದೇ. ಅದರಲ್ಲಿ ಬೆರೆತ ಹಾರ್ಮೋನು ಎಲ್ಲ ಜೀವಕೋಶಗಳನ್ನೂ ಮುಟ್ಟುತ್ತದೆ. ಆದರೂ ಈಸ್ಟ್ರಡಯಾಲ್ ಎಂಬ ಸ್ತ್ರೀ-ಹಾರ್ಮೋನಿಗೆ ಗರ್ಭಕೋಶವು ಓಗೊಡುವಂತೆ ಇತರ ಅನೇಕ ಅಂಗಗಳು ಓಗೊಡುವುದಿಲ್ಲ. ಇದೇಕೆ? ಷಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ಅವರು 1958ರ ಸುಮಾರಿಗೆ, ವಿಕಿರಣಶೀಲ ಜಲಜನಕದಿಂದ ಗುರುತುಮಾಡಿದ ಈಸ್ಟ್ರಡಯಾಲನ್ನು ಎಳೆಯ ಇಲಿಗಳಿಗೆ ಕೊಟ್ಟು ನೋಡಿದರು. ಮಾಂಸಖಂಡದಿಂದ ಅದು ಬೇಗನೆ ಹೊರಟುಹೋಯಿತು. ಗರ್ಭಕೋಶವು ಮಾತ್ರ ಅದನ್ನು ಹಿಡಿದಿಟ್ಟುಕೊಂಡಿತು. ಹಾಗೆ ಹಿಡಿದಿಡುವ ಪ್ರೋಟೀನೇ ಈಸ್ಟ್ರೊಜೆನ್ ಗ್ರಾಹಕ.

ಮಾನವನಲ್ಲಿ ಈ ಕುಟುಂಬಕ್ಕೆ ಸೇರಿದ ಗ್ರಾಹಕಗಳು 48. ಥೈರಾಯ್ಡ್ ಹಾರ್ಮೋನು, ಡಿ ಜೀವಸತ್ವ ಮೊದಲಾದವುಗಳ ಗ್ರಾಹಕಗಳು ಇವುಗಳಲ್ಲಿ ಸೇರಿವೆ. ಕೆಲವಕ್ಕೆ ಒಗ್ಗುವ ವಸ್ತು ಯಾವುದೆಂಬುದು ಇನ್ನೂ ತಿಳಿದಿಲ್ಲವಾದ್ದರಿಂದ ವಿಜ್ಞಾನಿಗಳು ಅವನ್ನು 'ಅನಾಥ' ಗ್ರಾಹಕಗಳೆಂದು ಕರೆದಿದ್ದಾರೆ! ಇವುಗಳ ಒಂದು ಭಾಗವು ಎರಡು ಸತುವಿನ ಅಯಾನುಗಳ ಆಧಾರದಿಂದ ಡಿ.ಎನ್.ಎ.ಯನ್ನು ಹಿಡಿಯುತ್ತದೆ, ಇನ್ನೊಂದು ಭಾಗವು ಹಾರ್ಮೋನನ್ನು ಹಿಡಿಯುತ್ತದೆ.

ಇದನ್ನು ಬೀಗ ಮತ್ತು ಕೀಲಿಕೈಗೆ ಹೋಲಿಸುವುದು ವಾಡಿಕೆ. ನನಗೆ ಆ ಹೋಲಿಕೆ ಸಾಲದೆನಿಸುತ್ತದೆ. ನಮ್ಮ ಹಿರಿಯರು ಜೋಳ ತುಂಬುತ್ತಿದ್ದ ಹಗೇವೇ ಇದಕ್ಕೆ ಹೆಚ್ಚು ಸಮೀಪ. ಹಾರ್ಮೋನನ್ನು ಹಿಡಿಯುವ ಭಾಗವು ಹನ್ನೆರಡು ಸುರುಳಿಗಳ ರಚನೆ. ನಡುವೆ ಒಂದು ಕುಳಿ. ಈಸ್ಟ್ರಡಯಾಲ್ ಒಳಗಿಳಿದು ನೆಲೆಸಿದೊಡನೆ ಹನ್ನೆರಡನೆಯ ಸುರುಳಿಯು ಮುಚ್ಚಳದಂತೆ ಕುಳಿಯ ಬಾಯಿಯ ಮೇಲೆ ಕೂಡುತ್ತದೆ. ಆಗ ಅದರ ಪಕ್ಕದಲ್ಲಿ ಒಂದು ತೋಡು ಸಿದ್ಧವಾಗಿ, ಸಹಾಯಕ ಪ್ರೋಟೀನುಗಳು ಅಲ್ಲಿ ಬಂದು ಅಂಟಿ, ವಂಶವಾಹಿಯನ್ನು ಕಾರ್ಯಕ್ಕೆ ತೊಡಗಿಸುತ್ತವೆ.

ಸ್ತನದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಈ ಗ್ರಾಹಕದ ಬಲದಿಂದಲೇ ಬೆಳೆಯುವಂಥವು. ಇಂಗ್ಲೆಂಡಿನಲ್ಲಿ ಗರ್ಭನಿರೋಧಕವಾಗಲೆಂದು 1962ರಲ್ಲಿ ತಯಾರಿಸಿದ ಟ್ಯಾಮಾಕ್ಸಿಫೆನ್ ಆ ಕೆಲಸಕ್ಕೆ ಒದಗದೆ, 1973ರಲ್ಲಿ ಅಲ್ಲಿಯೇ ಈ ರೋಗದ ಔಷಧವಾಗಿ ಮಾನ್ಯವಾಯಿತು. ಅದು ಕೆಲಸ ಮಾಡುವ ಬಗೆಯನ್ನು ಕ್ಷ-ಕಿರಣಗಳ ನೆರವಿನಿಂದ 1998ರಲ್ಲಿ ಕಣ್ಣಾರೆ ಕಾಣುವಂತಾಯಿತು. ಟ್ಯಾಮಾಕ್ಸಿಫೆನ್‌ಗೆ ಒಂದು ಉದ್ದನೆಯ ಬಾಲವಿದೆ. ಅಣು ಕುಳಿಯೊಳಗೆ ಕುಳಿತರೂ ಬಾಲ ಹೊರಗೆ ಚಾಚಿಕೊಂಡಿರುತ್ತದೆ. ಮುಚ್ಚಳ ಕೂಡಲಾರದೆ ಪಕ್ಕಕ್ಕೆ ಜಾರಿ, ಸಹಾಯಕ ಪ್ರೋಟೀನುಗಳಿಗೆ ಮೀಸಲಾದ ತೋಡಿನಲ್ಲಿ ತಾನೇ ಬಿದ್ದುಕೊಳ್ಳುತ್ತದೆ. ಗ್ರಾಹಕ ನಿಷ್ಕ್ರಿಯವಾಗುತ್ತದೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾಗಿ 1991ರಲ್ಲಿ 'ಸಹೇಲಿ' ಎಂಬ ಹೆಸರಿನಿಂದ ಬಳಕೆಗೆ ಬಂದ ಗರ್ಭನಿರೋಧಕ ಗುಳಿಗೆಯೂ ಇದೇ ಗ್ರಾಹಕವನ್ನೇ ಹಿಡಿಯುತ್ತದೆ.

ಆದರೆ ಇದೇ ಟ್ಯಾಮಾಕ್ಸಿಫೆನ್ ಗರ್ಭಕೋಶದಲ್ಲಿ ತಕ್ಕಮಟ್ಟಿಗೆ ಹಾರ್ಮೋನಿನಂತೆಯೇ ವರ್ತಿಸುವುದರಿಂದ ಅಲ್ಲಿ ಕ್ಯಾನ್ಸರಿನ ಭಯ ಸ್ವಲ್ಪ ಹೆಚ್ಚುತ್ತದೆ. ಗ್ರಾಹಕದ ಇನ್ನೊಂದು ತುದಿಯೂ ವಂಶವಾಹಿಯನ್ನು ಚೋದಿಸಬಲ್ಲದು. ಆ ತುದಿಗೆ ಈ ಮುಚ್ಚಳದ ಹಂಗಿಲ್ಲ. ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆಯನ್ನು ಬಹುಕಾಲ ಪಡೆದ ಕೆಲವು ರೋಗಿಗಳಲ್ಲಿ ಗ್ರಾಹಕದ 537 ಅಥವಾ 538ನೆಯ ಅಮೈನೋ ಆಮ್ಲ ಬದಲಾಗಿರುವುದು ಕಂಡುಬಂದಿದೆ. ಆಗ ಹಾರ್ಮೋನಿಲ್ಲದೆಯೇ ಮುಚ್ಚಳ ತಾನಾಗಿ ಕೂಡಿಬಿಡುತ್ತದೆ, ರೋಗ ಮರಳುತ್ತದೆ. ಆದುದರಿಂದಲೇ ಈಗ ಮುಚ್ಚಳವನ್ನು ತಡೆಯುವುದಕ್ಕಷ್ಟೇ ನಿಲ್ಲದೆ, ಗ್ರಾಹಕವನ್ನೇ ಜೀವಕೋಶದೊಳಗೆ ನಾಶಗೊಳಿಸುವ ಫುಲ್ವೆಸ್ಟ್ರಂಟ್‌ನಂತಹ ಔಷಧಗಳನ್ನೂ ವೈದ್ಯರು ಕೊಡುತ್ತಾರೆ.