ಮಾಳಿಗೆಯ ಮೇಲಿನ ಹಳೆಯ ಡಿಷ್

ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಕೆಲವು ಕಡೆ, ಮಾಳಿಗೆಯ ಮೇಲಾಗಲಿ ಹಿತ್ತಿಲಲ್ಲಾಗಲಿ, ಎಂಟು ಅಡಿ ಅಗಲದ ಡಿಷ್ ಒಂದು ಮುಗಿಲಿಗೆ ಮುಖಮಾಡಿ ನಿಂತಿರುವುದುಂಟು. 1990ರ ದಶಕದಲ್ಲಿ ಕೇಬಲ್ಲಿನವರೂ ಅನುಕೂಲಸ್ಥರೂ ನಿಲ್ಲಿಸಿದ ಇಂಥವುಗಳಲ್ಲಿ ಹಲವು, ಸಣ್ಣ ಡಿಷ್‌ಗಳು ಬಂದ ಮೇಲೆ ಕೆಲಸವಿಲ್ಲದೆ ಉಳಿದುವು. ಅದನ್ನು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ತಾಯಿತಂದೆಗಳು ಒಂದು ವಿಷಯವನ್ನು ತಿಳಿದಿರುವುದು ಒಳ್ಳೆಯದು. ಹಳತಾಗಿರುವುದು ಅದರ ಎದುರಿಗೆ ಕಟ್ಟಿರುವ ಎಲ್.ಎನ್.ಬಿ. ಎಂಬ ಸಣ್ಣ ಯಂತ್ರವೇ ಹೊರತು ಡಿಷ್ ಅಲ್ಲ. ಯಾಕಂದರೆ ಡಿಷ್ ಎಂಬುದು ಒಂದು ಆಕೃತಿ; ಆಕೃತಿ ಕೆಡದಿರುವ ತನಕ ಅದರ ಗುಣವೂ ಕೆಡದು.

ಆ ಆಕೃತಿಗೆ ಪರವಲಯವೆಂದು ಹೆಸರು. ನೇರವಾಗಿ ಬಂದು ಬಿದ್ದ ಅಲೆಗಳನ್ನೆಲ್ಲ ಅದು ನಾಭಿಯೆಂಬ ಒಂದೇ ಬಿಂದುವಿಗೆ ಕೂಡಿಸಿಕೊಡುತ್ತದೆ. ನಾಭಿಯ ಸ್ಥಾನವನ್ನು ನಮ್ಮ ಎಂಟನೆಯ ತರಗತಿಯ ಹುಡುಗಿಯೂ ಕಂಡುಹಿಡಿಯಬಲ್ಲಳು. ಅಗಲವನ್ನು ಅಗಲದಿಂದಲೇ ಗುಣಿಸಿ, ಬಂದದ್ದನ್ನು ಆಳದ ಹದಿನಾರರಷ್ಟರಿಂದ ಭಾಗಿಸಬೇಕು. ಅಗಲ 96 ಅಂಗುಲ, ಆಳ 16 ಅಂಗುಲವಿದ್ದರೆ ನಾಭಿಯು ತಳದಿಂದ 36 ಅಂಗುಲ ದೂರದಲ್ಲಿರುವುದು, ಎಲ್.ಎನ್.ಬಿ.ಯ ಬಾಯಿ ಅಲ್ಲಿರತಕ್ಕದ್ದು. ಡಿಷ್ ಸೊಟ್ಟಗಾಗಿದೆಯೋ ಎಂಬುದನ್ನು ನೋಡಲು ಅಂಚಿನಿಂದ ಅಂಚಿಗೆ ಎರಡು ದಾರಗಳನ್ನು ಅಡ್ಡಡ್ಡವಾಗಿ ಬಿಗಿದು ಕಟ್ಟಿರಿ. ನಡುವೆ ಅವು ಒಂದನ್ನೊಂದು ಮೆಲ್ಲಗೆ ಸೋಕಿದರೆ ಸರಿ. ನಡುವೆ ಸಂದಿದ್ದರೆ, ಇಲ್ಲವೆ ಒಂದು ಮತ್ತೊಂದನ್ನು ಒತ್ತಿದರೆ, ಅಂಚು ತಿರುಚಿದೆಯೆಂದು ತಿಳಿಯಬೇಕು.

ಡಿಷ್ ಬಲೆಯದೋ ತಗಡಿನದೋ ಎಂಬುದು ಮುಂದಿನ ಪ್ರಶ್ನೆ. 1975ನೆಯ ಆಗಸ್ಟಿನಿಂದ 1976ನೆಯ ಜುಲೈವರೆಗೆ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಲಾಯಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಅಲ್ಲಿ ಉಪಯೋಗಿಸಿದ ಹತ್ತಡಿಯ ಡಿಷ್‌ಗಳು ಕೋಳಿಗೂಡಿಗೆ ಹಾಕುವ ತಂತಿಬಲೆಯವು! ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್ ಇದ್ದುದರಿಂದ ಬಲೆಯ ಸಣ್ಣ ಕಣ್ಣುಗಳು ಅದಕ್ಕೆ ಗೋಡೆಯಂತೆಯೇ ಇದ್ದುವು. ಈಗಿನ ಅಲೆಗಳು ಗಿಡ್ಡವು: ಸಿ-ಬ್ಯಾಂಡಿನದು ಸುಮಾರು 7.5 ಸೆಂಟಿಮೀಟರ್, ಕೆಯು-ಬ್ಯಾಂಡಿನದು ಸುಮಾರು 2.5. ಆದುದರಿಂದ ಬಲೆಯ ಡಿಷ್ ಸಿ-ಬ್ಯಾಂಡಿಗೆ ಯೋಗ್ಯ. ನುಣುಪಾದ ತಗಡಿನದು ಎರಡಕ್ಕೂ ಆದೀತು. ಸಿ-ಬ್ಯಾಂಡನ್ನು ಆರಿಸಿಕೊಳ್ಳುವವರು, 2022ರಿಂದ ಬಂದಿರುವ 5ಜಿ ಗೋಪುರಗಳು ಸಮೀಪದಲ್ಲಿದ್ದರೆ, ಅದನ್ನು ತಡೆಯುವ ಫಿಲ್ಟರ್ ಒಂದನ್ನು ಸೇರಿಸಬೇಕಾದೀತು.

ದೂರದರ್ಶನದವರು 2004ನೆಯ ಡಿಸೆಂಬರಿನಲ್ಲಿ ಆರಂಭಿಸಿದ, ಈಗ ಡಿ.ಡಿ. ಫ್ರೀ ಡಿಷ್ ಎಂದು ಕರೆಯುವ ಸೇವೆಯು ಕೆಯು-ಬ್ಯಾಂಡಿನದು. ಅದಕ್ಕೆ ತಿಂಗಳ ಚಂದಾ ಇಲ್ಲ. ನಮ್ಮ ಚಂದನ ವಾಹಿನಿಯೂ ಅದರಲ್ಲುಂಟು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನದಲ್ಲಿ ಪಾಠಗಳು ಪ್ರಸಾರವಾದುವು. ಒಂದೇ ಮೊಬೈಲಿದ್ದ ಮನೆಗಳಲ್ಲಿ ಅದು ಅಣ್ಣನ ಕೈಗೆ ಹೋಯಿತೋ ತಂಗಿಯ ಕೈಗೋ ಎಂಬುದನ್ನು ನಾನು ಬರೆಯಬೇಕಾಗಿಲ್ಲ. ಟೆಲಿವಿಷನ್ ಪೆಟ್ಟಿಗೆಯನ್ನಾದರೋ ಯಾರೂ ಜೇಬಿನಲ್ಲಿಟ್ಟುಕೊಂಡು ಹೊರಟುಹೋಗಲಾರರು.

ಈ ಸೇವೆಗೆ ಎರಡಡಿಯ ಸಣ್ಣ ಡಿಷ್ ಸಾಕಲ್ಲವೇ ಎಂದು ಕೇಳಬಹುದು. ಬಯಲುಸೀಮೆಯಲ್ಲಿ ಸಾಕು. ಆದರೆ ಮಳೆಹನಿಗಳು ಗಿಡ್ಡ ಅಲೆಗಳನ್ನು ನುಂಗುವುದರಿಂದ, ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಆಷಾಢದ ಜಡಿಮಳೆಗೆ ಚಿತ್ರವು ಒಡೆದುಹೋಗುತ್ತದೆ. ಎಂಟಡಿಯ ಡಿಷ್ ಎರಡಡಿಯದಕ್ಕಿಂತ ಹದಿನಾರರಷ್ಟು ಅಲೆಗಳನ್ನು ಹಿಡಿಯುವುದು. ಮಳೆ ನುಂಗಿದ ಮೇಲೂ ಉಳಿಯುವಷ್ಟಿರುತ್ತದೆ. ಆದರೆ ಸಣ್ಣ ಡಿಷ್‌ಗಾಗಿ ಮಾಡಿದ ಎಲ್.ಎನ್.ಬಿ.ಯನ್ನು ಹಾಗೆಯೇ ಕಟ್ಟಿದರೆ ಅದು ನಡುಭಾಗವನ್ನಷ್ಟೇ ನೋಡಿ ಅಂಚನ್ನು ಬಿಟ್ಟುಬಿಡುತ್ತದೆ. ಆಳವಾದ ಡಿಷ್‌ಗೆ ಒಪ್ಪುವ ಅಗಲಬಾಯಿಯದನ್ನೇ ಕೇಳಿ ತರಬೇಕು.

ಫ್ರೀ ಡಿಷ್‌ನ ಉಪಗ್ರಹವು 93.5 ಡಿಗ್ರಿ ಪೂರ್ವರೇಖಾಂಶದ ಮೇಲಿದೆ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ ಸುಮಾರು 66 ಡಿಗ್ರಿ ಎತ್ತರದಲ್ಲಿರುತ್ತದೆ. ದೊಡ್ಡ ಡಿಷ್‌ನ ದೃಷ್ಟಿ ಬಹು ಕಿರಿದು, ಒಂದು ಡಿಗ್ರಿಗಿಂತಲೂ ಕಡಿಮೆ. ಕೂದಲೆಳೆಯಷ್ಟು ಸರಿಸುತ್ತಾ ತಾಳ್ಮೆಯಿಂದ ಹುಡುಕಬೇಕು. ಚಿತ್ರ ಬಂದ ಮೇಲೆ ಎಲ್.ಎನ್.ಬಿ.ಯನ್ನು ಇದ್ದಲ್ಲಿಯೇ ತುಸು ತಿರುಗಿಸಿ, ಎಲ್ಲಿ ಬಲ ಹೆಚ್ಚುವುದೋ ಅಲ್ಲಿ ಬಿಗಿಯಬೇಕು.

ತಗಡಿಗೆ ಹೊಳಪಿಲ್ಲದ ಬಣ್ಣವನ್ನೇ ಬಳಿಯಿರಿ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಕೆಲವು ದಿನ ಸೂರ್ಯನು ಉಪಗ್ರಹದ ಹಿಂದೆ ಸರಿಯಾಗಿ ಬರುವನು. ಡಿಷ್ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಿಸಿಲೆಲ್ಲ ನಾಭಿಯಲ್ಲಿ ಕೂಡಿ ಎಲ್.ಎನ್.ಬಿ.ಯನ್ನು ಸುಟ್ಟೀತು. ತುಕ್ಕು ಹಿಡಿದ ಬೋಲ್ಟುಗಳನ್ನು ತೆಗೆದು ಹೊಸವನ್ನು ಹಾಕಿಸದೆ ಈ ಕೆಲಸಕ್ಕೆ ಕೈಹಚ್ಚಬಾರದು. ಬಿರುಗಾಳಿಗೆ ಎಂಟಡಿಯ ತಗಡು ಹಾಯಿಯಂತೆ ಎದ್ದು ಅಂಗಳದಲ್ಲಾಡುವ ಮಕ್ಕಳ ಮೇಲೆ ಬಿದ್ದೀತು. ಸಿಡಿಲಿನ ಕಾರಣ ಕಂಬಕ್ಕೆ ನೆಲತಂತಿಯನ್ನು ತಿಳಿದವರಿಂದಲೇ ಹಾಕಿಸತಕ್ಕದ್ದು.