ಸೇಮಿಗೆ ಬಿಲ್ಲೆ, ಈರುಳ್ಳಿ ಚೀಲ ಮತ್ತು ಒಂದು ಜೊತೆ ಬಿಳಿ ಶೂ

ಮಳೆಗಾಲಕ್ಕೆ ಮೊದಲು ಗುತ್ತಿಗಾರು ಕಡೆ ಯಾವ ತೋಟಕ್ಕೆ ಹೋದರೂ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಕೊಳೆರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಮದ್ದು ಒಣಗಿದ ಮೇಲೆ ಕಲ್ಲಿನ ಮೇಲೆ ಬಿದ್ದಿರುವ ಎಲೆಯೊಂದನ್ನು ಎತ್ತಿ ನೋಡಿ. ಸುತ್ತ ತಿಳಿನೀಲಿ, ಎಲೆ ಇದ್ದಷ್ಟು ಜಾಗ ಮಾತ್ರ ಖಾಲಿ. ಸ್ಟೆನ್ಸಿಲ್ ಅಂದ್ರೆ ಇಷ್ಟೇ. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಗುಹೆಯಲ್ಲಿ ಕೈಯನ್ನು ಗೋಡೆಗೆ ಒತ್ತಿ, ಸುತ್ತ ಬಣ್ಣ ಊದಿ ಮಾಡಿದ ಅಚ್ಚೊಂದು ಕನಿಷ್ಠ 39,900 ವರ್ಷ ಹಳೆಯದು ಎಂದು 2014ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು.

ಈಗ ಅದೇ ಕೆಲಸ ಸ್ನೀಕರ್ ಮೇಲೆ ನಡೀತಾ ಉಂಟು. ಬಿಳಿ ಶೂ ತಗೊಂಡು ಏರ್‌ಬ್ರಷ್‌ನಿಂದ ನಮಗೆ ಬೇಕಾದ ಡಿಸೈನ್ ಹೊಡೆಯುವುದು. ರೆಡಿಮೇಡ್ ವಿನೈಲ್ ಸ್ಟೆನ್ಸಿಲ್ ಆನ್‌ಲೈನಲ್ಲಿ ಸಿಗ್ತದೆ, ಆದರೆ ಎಲ್ಲರ ಶೂ ಮೇಲೂ ಅದೇ ಬೆಂಕಿ ಜ್ವಾಲೆ, ಅದೇ ಚಿಟ್ಟೆ. ನಮ್ಮ ಮನೆಯಲ್ಲೇ ಇರುವ ವಸ್ತುಗಳಿಂದ ಬೇರೆಯದೇ ಡಿಸೈನ್ ಬರ್ತದೆ, ಖರ್ಚೂ ಇಲ್ಲ. ಆದರೆ ಯಾವುದನ್ನು ಶೂವಿನ ಯಾವ ಜಾಗಕ್ಕೆ ಇಡಬೇಕು ಅನ್ನುವುದಕ್ಕೆ ಲೆಕ್ಕ ಉಂಟು. ತಿಂಗಳ ಖರ್ಚಿನಲ್ಲಿ ಉಳಿಸಿ ತಗೊಂಡ ಶೂ ಹಾಳಾದರೆ ಮತ್ತೊಂದು ಜೊತೆ ಸದ್ಯಕ್ಕೆ ಬರುವುದಿಲ್ಲ, ಹಾಗಾಗಿ ಆ ಲೆಕ್ಕ ಮೊದಲು ನೋಡುವ.

ಮದ್ದಿನ ಪಂಪು, ಏರ್‌ಬ್ರಷ್

ತೋಟದ ಪಂಪು ದ್ರವವನ್ನೇ ಒತ್ತಿ ಸಣ್ಣ ತೂತಿನಿಂದ ಹೊರಗೆ ಹಾಕ್ತದೆ. ಏರ್‌ಬ್ರಷ್‌ನಲ್ಲಿ ಒತ್ತಡ ಇರುವುದು ಗಾಳಿಗೆ. ತುದಿಯಲ್ಲಿ ಗಾಳಿ ವೇಗವಾಗಿ ಹೊರಡುವಾಗ ಅಲ್ಲಿ ಒತ್ತಡ ಇಳಿದು ಬಣ್ಣ ಎಳೆದುಕೊಂಡು ಬರ್ತದೆ, ಬಂದ ಬಣ್ಣ ಗಾಳಿಗೆ ಸಿಕ್ಕಿ ಮಂಜಿನ ಹಾಗೆ ಒಡೆಯುತ್ತದೆ. 0.3 ಮಿ.ಮೀ. ನಾಝಲ್ ಈ ಕೆಲಸಕ್ಕೆ ಸಾಕು. ಸ್ಟೆನ್ಸಿಲ್ ಇಟ್ಟು ಹೊಡೆಯುವಾಗ ಒತ್ತಡ 15-20 ಪಿಎಸ್‌ಐ ಇರಲಿ, ಅಂದರೆ ಬೈಕಿನ ಟಯರಿಗೆ ಹಾಕುವುದಕ್ಕಿಂತ ಕಡಿಮೆ. ಜಾಸ್ತಿ ಮಾಡಿದರೆ ಗಾಳಿ ಸ್ಟೆನ್ಸಿಲ್‌ನ ಅಂಚನ್ನೇ ಎತ್ತಿ ಬಣ್ಣವನ್ನು ಅಡಿಗೆ ನುಗ್ಗಿಸ್ತದೆ.

ಅಂಚು ಚೂಪಾಗುವುದು ಹೇಗೆ?

ರಾತ್ರಿ ಟಾರ್ಚ್ ಎದುರು ಕೈ ಹಿಡಿಯಿರಿ. ಕೈ ಗೋಡೆಗೆ ಹತ್ತಿರ ಇದ್ದರೆ ನೆರಳು ಚೂಪು, ದೂರ ಹೋದಷ್ಟೂ ಮಸುಕು. ಬಣ್ಣದ್ದೂ ಹೆಚ್ಚುಕಮ್ಮಿ ಹಾಗೇ. ಸ್ಟೆನ್ಸಿಲ್‌ಗೂ ಶೂಗೂ ನಡುವೆ ಎಷ್ಟು ಸಂದು ಉಂಟೋ ಅಷ್ಟು ಮಸುಕು. ಸಂದು ಇಲ್ಲದ ಹಾಗೆ ಕೂರಿಸುವುದೇ ನಿಜವಾದ ಕಷ್ಟ, ಯಾಕೆಂದರೆ ಶೂ ಸಪಾಟಾಗಿಲ್ಲ.

ಒಂದು ಹಾಳೆ ಪೇಪರನ್ನು ಪೈಪಿಗೆ ಸುತ್ತಬಹುದು, ಫುಟ್‌ಬಾಲ್‌ಗೆ ಸುತ್ತಿದರೆ ಮುದುಡುತ್ತದೆ. ಒಂದೇ ದಿಕ್ಕಿಗೆ ಬಾಗಿದ ಮೇಲ್ಮೈಗೆ ಹಾಳೆ ಹೊಂದುತ್ತದೆ, ಎರಡೂ ದಿಕ್ಕಿಗೆ ಬಾಗಿದ್ದಕ್ಕೆ ಹೊಂದುವುದಿಲ್ಲ. ಗೌಸ್ 19ನೇ ಶತಮಾನದಲ್ಲೇ ಸಾಧಿಸಿಟ್ಟ ಗಣಿತ ಇದು. ಶೂವಿನ ಪಕ್ಕದ ಭಾಗ ಪೈಪಿನ ಜಾತಿ, ಬೆರಳಿನ ಕಡೆಯ ಉಬ್ಬು ಫುಟ್‌ಬಾಲ್ ಜಾತಿ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಆಯ್ತು.

ಯಾವುದು ಎಲ್ಲಿಗೆ?

ಈರುಳ್ಳಿ ಚೀಲದ ಬಲೆ: ಬೆರಳಿನ ಉಬ್ಬಿಗೆ ಇದೇ ಬೆಸ್ಟ್. ಬಲೆಯ ಕಣ್ಣುಗಳು ಓರೆಯಾಗಿ ಹಿಗ್ಗುವುದರಿಂದ ಎರಡೂ ದಿಕ್ಕಿನ ಬಾಗಿಗೆ ಅಂಟಿ ಕೂರ್ತದೆ. ಬಿಗಿಯಾಗಿ ಎಳೆದು ಸೋಲ್ ಅಡಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಹೊಡೆದರೆ ಹಾವಿನ ಚರ್ಮದ ಹಾಗೆ ಕಾಣ್ತದೆ. ತೋಟದ ಹಸಿರು ಶೇಡ್ ನೆಟ್ ತುಂಬ ಒತ್ತಾಗಿರ್ತದೆ, ಅದರಲ್ಲಿ ಡಿಸೈನ್ ಸ್ಪಷ್ಟವಾಗಿ ಮೂಡುವುದಿಲ್ಲ.

ಲೇಸ್: ಹಳೇ ಟೇಬಲ್ ಕ್ಲಾತ್ ಅಂಚಿನ ಲೇಸ್ ಕೂಡ ಬಲೆಯ ಹಾಗೆ ಬಾಗ್ತದೆ. ಆದರೆ ಬಟ್ಟೆ ಬಣ್ಣ ಹೀರ್ತದೆ. ಒದ್ದೆಯಾದರೆ ಶೂಗೆ ಅಂಟಿ ಕಲೆ ಮಾಡ್ತದೆ, ಹಾಗಾಗಿ ತೆಳುವಾಗಿ ಹೊಡೆದು ಕೂಡಲೇ ಎತ್ತಬೇಕು.

ಸೇಮಿಗೆ ಮಣೆಯ ಬಿಲ್ಲೆ: ಲೋಹ, ಬಾಗುವುದೇ ಇಲ್ಲ. ಪಕ್ಕದ ಸಪಾಟು ಜಾಗಕ್ಕೆ ಮಾತ್ರ. ಏರ್‌ಬ್ರಷ್ ನೇರವಾಗಿ ಹಿಡಿಯಬೇಕು, ಓರೆಯಾದರೆ ಬಿಲ್ಲೆಯ ದಪ್ಪವೇ ಅಡ್ಡ ಬಂದು ಚುಕ್ಕಿಗಳು ಅರ್ಧಚಂದ್ರ ಆಗ್ತವೆ. ಬಣ್ಣ ತಾಗಿದ ಬಿಲ್ಲೆ ಮತ್ತೆ ಅಡುಗೆಮನೆಗೆ ಹೋಗಬಾರದು. ಅಮ್ಮನಿಗೆ ಹೇಳಿಯೇ ತನ್ನಿ.

ಜರಿಗಿಡದ ಎಲೆ: ಮಳೆಗಾಲದಲ್ಲಿ ಬರೆಯ ಮೇಲೆಲ್ಲ ಇರ್ತದೆ. ಪುಸ್ತಕದಡಿ ಒಂದು ದಿನ ಇಟ್ಟು ಚಪ್ಪಟೆ ಮಾಡಿಕೊಳ್ಳಿ, ಪೂರ್ತಿ ಒಣಗಿದರೆ ಮುರೀತದೆ. ಎಲೆಯನ್ನು ಸರಿಸಿ ಸರಿಸಿ ಮೂರು ಸಲ ಹೊಡೆದರೆ ಹಿಂದೆ ಮುಂದೆ ಇರುವ ಕಾಡಿನ ಹಾಗೆ ಕಾಣ್ತದೆ.

ಹಳೇ ಎಕ್ಸ್‌ರೇ ಫಿಲ್ಮ್: ಕನ್ನಡ ಅಕ್ಷರ ಬೇಕಾದರೆ ಇದನ್ನು ಕೊರೆಯಬಹುದು. ನಮ್ಮ ಲಿಪಿಯಲ್ಲಿ ಮುಚ್ಚಿದ ಸುತ್ತುಗಳು ಜಾಸ್ತಿ. ‘ಠ’ ಕೊರೆದರೆ ಒಳಗಿನ ಭಾಗ ಪೂರಾ ಕಳಚಿ ಬೀಳ್ತದೆ. ಒಳಗನ್ನು ಹೊರಗಿಗೆ ಹಿಡಿದಿಡಲು ಒಂದೆರಡು ಸಣ್ಣ ಸೇತುವೆ ಬಿಡಬೇಕು. ‘ರ’, ಸೊನ್ನೆ ಎಲ್ಲದಕ್ಕೂ ಇದೇ ನಿಯಮ. ಪಕ್ಕದ ಭಾಗಕ್ಕೆ ಫಿಲ್ಮ್ ಚೆನ್ನಾಗಿ ಕೂರ್ತದೆ, ಉಬ್ಬಿಗೆ ಕೂರುವುದಿಲ್ಲ.

ರಬ್ಬರ್ ಹಾಲು: ಚಿತ್ರಕಲೆಯವರು ಅಂಗಡಿಯಲ್ಲಿ ಕೊಳ್ಳುವ ಮಾಸ್ಕಿಂಗ್ ದ್ರವ ಮುಖ್ಯವಾಗಿ ರಬ್ಬರ್ ಹಾಲು ಮತ್ತು ಅಮೋನಿಯ. ರಬ್ಬರ್ ತೋಟ ಇರುವ ಸುಳ್ಯ ಕಡೆಯವರಿಗೆ ಇದು ಹೊಸತಲ್ಲ. ಸೋಲ್‌ನ ನಯವಾದ ಅಂಚಿಗೆ ಬ್ರಷ್‌ನಿಂದ ಹಚ್ಚಿ, ಒಣಗಿದ ಮೇಲೆ ಬಣ್ಣ ಹೊಡೆದು, ಕೊನೆಗೆ ಸಿಪ್ಪೆಯ ಹಾಗೆ ಎಳೆದರಾಯ್ತು. ಕ್ಯಾನ್ವಾಸ್ ಬಟ್ಟೆಗೆ ಮಾತ್ರ ಬೇಡ, ನೂಲಿನೊಳಗೆ ಕಚ್ಚಿಕೊಳ್ಳುತ್ತದೆ. ರಬ್ಬರ್ ಅಲರ್ಜಿ ಇರುವವರು ಮುಟ್ಟುವುದೇ ಬೇಡ.

ಕೆಲಸದ ಕ್ರಮ

ಲೆದರ್ ಶೂ ಆದರೆ ಹತ್ತಿಯಲ್ಲಿ ಸ್ವಲ್ಪ ಅಸಿಟೋನ್ ಹಾಕಿ ಕಂಪೆನಿಯ ಹೊಳಪು ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಸಿಪ್ಪೆ ಏಳ್ತದೆ. ಶೂ ಒಳಗೆ ಪೇಪರ್ ತುಂಬಿ, ಸೋಲ್‌ಗೆ ಮಾಸ್ಕಿಂಗ್ ಟೇಪ್ ಹಾಕಿ. ಲೆದರ್‌ಗೆಂದೇ ಇರುವ ಅಕ್ರಿಲಿಕ್ ಬಣ್ಣ ತಗೊಳ್ಳಿ, ಪೋಸ್ಟರ್ ಕಲರ್ ನಡೆದಾಗ ಬಿರುಕು ಬಿಡ್ತದೆ. ಕ್ಯಾನ್ವಾಸ್ ಆದರೆ ಬಣ್ಣಕ್ಕೆ ಫ್ಯಾಬ್ರಿಕ್ ಮೀಡಿಯಂ ಸೇರಿಸಬೇಕು. ಒಂದೇ ಸಲ ದಪ್ಪಕ್ಕೆ ಹೊಡೆಯದೆ ಮೂರು ನಾಲ್ಕು ತೆಳು ಕೋಟ್ ಹಾಕಿ, ಪ್ರತಿ ಕೋಟ್ ಒಣಗಲು ಬಿಡಿ. ಕೊನೆಗೆ ಅಕ್ರಿಲಿಕ್ ಫಿನಿಶರ್.

ನಮ್ಮ ಕಡೆಯ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಕಂಪ್ರೆಸರ್‌ನಲ್ಲಿ ಒತ್ತಿದ ತೇವದ ಗಾಳಿ ಪೈಪಿನಲ್ಲಿ ತಣಿದಾಗ ನೀರಾಗ್ತದೆ, ಆ ನೀರು ಬಣ್ಣದ ಜೊತೆ ಹನಿಯಾಗಿ ಶೂ ಮೇಲೆ ಉಗುಳ್ತದೆ. ಮಾಯಿಶ್ಚರ್ ಟ್ರ್ಯಾಪ್ ಇಲ್ಲದೆ ಜುಲೈಯಲ್ಲಿ ಕೆಲಸಕ್ಕೆ ಇಳಿಯಬೇಡಿ. ಕೋಟ್ ಒಣಗುವುದೂ ನಿಧಾನ, ಹೇರ್ ಡ್ರೈಯರ್ ಇದ್ದರೆ ಒಳ್ಳೆಯದು.

ಶೂಗಿಂತ ಮುಖ್ಯ

ನೀರಿನ ಬಣ್ಣವೇ ಆದರೂ ಮಂಜಾದ ಮೇಲೆ ಅದು ಶ್ವಾಸಕೋಶಕ್ಕೆ ಹೋಗ್ತದೆ. ಮುಖಕ್ಕೆ ಕಟ್ಟಿದ ಕರ್ಚೀಫ್ ಸಾಲದು, ಎನ್95 ಬೇಕು. ಅಸಿಟೋನ್ ಆವಿಯನ್ನು ಎನ್95 ಕೂಡ ತಡೆಯುವುದಿಲ್ಲ, ಬೆಂಕಿಯೂ ಬೇಗ ಹಿಡೀತದೆ. ಆ ಕೆಲಸ ಜಗಲಿಯಲ್ಲೋ ಟೆರೇಸ್‌ನಲ್ಲೋ ಮಾಡಿ, ಬಾಗಿಲು ಹಾಕಿದ ಹಾಸ್ಟೆಲ್ ರೂಮಿನಲ್ಲಿ ಬೇಡ.

ಮೊದಲ ಪ್ರಯೋಗ ರಟ್ಟಿನ ಮೇಲೆ, ಎರಡನೆಯದು ಬಿಸಾಡಲು ಇಟ್ಟ ಹಳೇ ಶೂ ಮೇಲೆ, ಆಮೇಲೆ ಹೊಸದು. ನಿಮ್ಮ ಮನೆಯಲ್ಲಿ ನಾವು ಹೇಳದ ವಸ್ತು ಇನ್ನೂ ಎಷ್ಟೋ ಇರಬಹುದು. ಶೂ ಫೋಟೋ ಜೊತೆ ಆ ವಸ್ತುವಿನ ಫೋಟೋವನ್ನೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುವ.