ಹಳೇ ಫೋರ್‌ವೀಲ್ ಮನೆಗೆ ಬಂತು, ಮೊದಲ ದುಡ್ಡು ಅಡಿಭಾಗಕ್ಕೆ ಹೋಗಲಿ

ಗಲ್ಫಿನಿಂದ ರಜೆಯಲ್ಲಿ ಬಂದ ಮಗ ಅಂಗಳದಲ್ಲಿ ಹಳೇ ಥಾರ್ ಒಂದನ್ನು ತಂದು ನಿಲ್ಲಿಸಿದರೆ ಈಗ ಯಾರೂ ಅಚ್ಚರಿಪಡುವುದಿಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ತೋಟ ಇರುವ ಮನೆಗಳಿಗೆ ಜೀಪು ಹೊಸದೇನೂ ಅಲ್ಲ. ಅಡಿಕೆ ಗೋಣಿ, ಗೊಬ್ಬರ, ಮದ್ರಸದ ಮಕ್ಕಳು, ಮದುವೆ ಮನೆಯ ಬಿರಿಯಾನಿ ಪಾತ್ರೆ ಎಲ್ಲವೂ ಅದರಲ್ಲೇ ಹೋಗಿವೆ. ಹೊಸದೆಂದರೆ ಪೆರ್ನಾಲ್‌ನ ಮರುದಿನ ನಾಲ್ಕು ಗೆಳೆಯರನ್ನು ಹತ್ತಿಸಿಕೊಂಡು ಗುಡ್ಡ ಏರುವ ಆಸೆ. ಆಸೆ ತಪ್ಪಲ್ಲ. ಆದರೆ ಗಾಡಿ ಬಂದ ವಾರದಲ್ಲೇ ಅದಕ್ಕೆ ಏನೇನು ಮಾಡಿಸುತ್ತಾರೆ ನೋಡಿ: ಮೇಲೆ ಎಲ್‌ಇಡಿ ಬಾರ್, ಮುಂದೆ ಕಬ್ಬಿಣದ ಗಾರ್ಡ್, ಎರಡು ಇಂಚು ಎತ್ತರ, ಹೊರಗೆ ಚಾಚಿದ ಅಗಲ ಟಯರ್. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಮಾತ್ರ ಉತ್ತರ ಇಲ್ಲ.

(ಜೀಪಿನ ಮಾತು ಬಂದಾಗ ನೆನಪಾಗುವ ಒಂದು ವಿಷಯ. 1945ರಲ್ಲಿ ಶುರುವಾದಾಗ ಈ ಕಂಪೆನಿಯ ಹೆಸರು ಮಹೀಂದ್ರಾ ಆ್ಯಂಡ್ ಮುಹಮ್ಮದ್. ಪಾಲುದಾರರಾಗಿದ್ದ ಗುಲಾಮ್ ಮುಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಹೆಸರು ಮಹೀಂದ್ರಾ ಆ್ಯಂಡ್ ಮಹೀಂದ್ರಾ ಆಯಿತು.)

ಕರಾವಳಿಯ ಹಳೇ ಗಾಡಿಗೆ ಮೊದಲ ಶತ್ರು ತುಕ್ಕು. ಉಪ್ಪಿನ ಗಾಳಿ, ಆರು ತಿಂಗಳ ಮಳೆ, ಮೂಲೆಯಲ್ಲಿ ಒಣಗಿ ಕೂತ ಕೆಸರು ಮೂರೂ ಸೇರಿ ಚಾಸಿಯನ್ನು ಒಳಗಿನಿಂದ ತಿನ್ನುತ್ತವೆ. ಜಿಪ್ಸಿಯಲ್ಲಿಯೂ ಅಷ್ಟೇ, ಥಾರ್‌ನಲ್ಲಿಯೂ ಅಷ್ಟೇ. ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ, ಟಾರ್ಚ್ ಹಿಡಿದು, ಸ್ಕ್ರೂಡ್ರೈವರಿನ ತುದಿಯಿಂದ ಚಾಸಿಯನ್ನು ಅಲ್ಲಲ್ಲಿ ಕುಟ್ಟಿ ನೋಡಬೇಕು. ಟಣ್ ಎಂದರೆ ಗಟ್ಟಿ, ಒಳಗೆ ಇಳಿದರೆ ಕಥೆ ಬೇರೆ. ಸ್ಪ್ರಿಂಗ್ ಮತ್ತು ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗಗಳನ್ನು ಬಿಡಬೇಡಿ. ಅಡಿಗೆ ಪೂರಾ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ ಗಾಡಿ ಕಂಡರೆ ಸಂತೋಷಪಡುವುದಕ್ಕಿಂತ ಅನುಮಾನಪಡುವುದು ಒಳ್ಳೆಯದು. ಇದನ್ನೆಲ್ಲ ದುಡ್ಡು ಕೊಡುವ ಮೊದಲೇ ನೋಡಿದರೆ ಉತ್ತಮ. ನೋಡದೆ ತಂದಿದ್ದರೆ ಈಗಲಾದರೂ ನೋಡಿ.

ಆಮೇಲೆ ಎಣ್ಣೆ. "ಆಯಿಲ್ ಚೇಂಜ್ ಆಗಿದೆ ಮಾರಾಯ್ರೆ" ಎಂದು ಮಾರಿದವರು ಹೇಳುವುದು ಇಂಜಿನಿನ ಆಯಿಲ್ ಬಗ್ಗೆ. ಫೋರ್‌ವೀಲ್ ಗಾಡಿಯಲ್ಲಿ ಇನ್ನೂ ನಾಲ್ಕು ಕಡೆ ಎಣ್ಣೆ ಉಂಟು: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಡಿಫರೆನ್ಷಿಯಲ್, ಮುಂದಿನ ಡಿಫರೆನ್ಷಿಯಲ್. ನಾಲ್ಕನ್ನೂ ಇಳಿಸಿ ಹೊಸತು ತುಂಬಿಸಿ. ಇಳಿಸುವ ಮೊದಲು ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದಾ ಎಂದು ನೋಡಿಕೊಳ್ಳಿ. ಎಣ್ಣೆಯೆಲ್ಲ ಇಳಿದ ಮೇಲೆ ಆ ಬೋಲ್ಟ್ ಜಾಮ್ ಎಂದು ಗೊತ್ತಾದರೆ ಗಾಡಿ ಗ್ಯಾರೇಜಿನಲ್ಲೇ ಉಳಿಯುತ್ತದೆ. ಇಳಿದ ಎಣ್ಣೆ ಹಾಲು ಹಾಕಿದ ಚಾದ ಬಣ್ಣದಲ್ಲಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಬೋಲ್ಟಿನ ತುದಿಯಲ್ಲಿ ಬೂದಿಯಂತಹ ನುಣ್ಣನೆಯ ಪುಡಿ ಅಂಟಿದ್ದರೆ ಹೆದರಬೇಡಿ, ಅದು ಸವೆತ. ಚೂರುಗಳೇ ಸಿಕ್ಕಿದರೆ ಒಳಗಿನ ಗೇರು ಬಿಚ್ಚಿ ನೋಡದೆ ಗುಡ್ಡದ ಮಾತು ಬೇಡ.

ನೀರು ಒಳಗೆ ಹೋಗುವ ದಾರಿಯೂ ವಿಚಿತ್ರ. ಓಡಿ ಬಿಸಿಯಾದ ಆಕ್ಸಲ್ ತೋಡಿನ ತಣ್ಣೀರಿಗೆ ಇಳಿದ ಕೂಡಲೇ ಅದರೊಳಗಿನ ಗಾಳಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿ ಎಳೆದುಕೊಳ್ಳಲು ಆಕ್ಸಲ್ ಮೇಲೆ ಬ್ರೀದರ್ ಎಂಬ ಸಣ್ಣ ಕೊಳವೆ ಇರುತ್ತದೆ. ಕೆಸರು ಕಟ್ಟಿ ಅದು ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿನಿಂದ ನೀರನ್ನೇ ಎಳೆಯುತ್ತದೆ. ಈ ಕೊಳವೆಯನ್ನು ಶುಚಿ ಮಾಡಿ, ಉದ್ದದ ರಬ್ಬರ್ ಪೈಪು ಸಿಕ್ಕಿಸಿ ಮೇಲಕ್ಕೆ ಕಟ್ಟಿಸಿದರೆ ಖರ್ಚು ಬಹಳ ಕಮ್ಮಿ, ಉಳಿಯುವುದು ಇಡೀ ಡಿಫರೆನ್ಷಿಯಲ್. ಗಾಡಿ ಎತ್ತರ ಮಾಡಿಸಿದವರಲ್ಲಿ ಎಷ್ಟು ಮಂದಿ ಇದನ್ನು ಮಾಡಿಸಿದ್ದಾರೆ ಕೇಳಿ ನೋಡಿ.

ಫೋರ್‌ವೀಲ್ ಲಿವರ್ ಬೀಳುತ್ತದಾ, ಬಿದ್ದರೆ ಮುಂದಿನ ಚಕ್ರ ನಿಜವಾಗಿ ಎಳೆಯುತ್ತದಾ ಎಂದು ಪರೀಕ್ಷಿಸಬೇಕು. ವರ್ಷಗಟ್ಟಲೆ ಪೇಟೆಯಲ್ಲೇ ಓಡಿದ ಗಾಡಿಯಲ್ಲಿ ಈ ಲಿವರ್ ಹಿಡಿದುಕೊಂಡಿರುವುದು ಉಂಟು. ಪರೀಕ್ಷೆ ಒದ್ದೆ ಹುಲ್ಲಿನ ಮೇಲೆ ಅಥವಾ ಕೆಸರಿನಲ್ಲಿ ಮಾಡಿ, ಡಾಮರು ರಸ್ತೆಯಲ್ಲಿ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಒಣ ಡಾಮರಿನಲ್ಲಿ ಜಾರುವ ಅವಕಾಶ ಇಲ್ಲದ ಕಾರಣ ಆ ಒತ್ತಡವೆಲ್ಲ ಗೇರಿನ ಮೇಲೆ ಬೀಳುತ್ತದೆ. ಕೆಲವು ಹಳೇ ಗಾಡಿಗಳಲ್ಲಿ ಮುಂದಿನ ಚಕ್ರದ ಹಬ್ಬನ್ನು ಇಳಿದು ಕೈಯಿಂದಲೇ ಲಾಕ್ ಮಾಡಬೇಕು. ಅದು ಗೊತ್ತಿಲ್ಲದೆ "ಫೋರ್‌ವೀಲ್ ಕೆಲಸ ಮಾಡುವುದಿಲ್ಲ" ಎಂದು ಗ್ಯಾರೇಜಿಗೆ ಓಡಿದವರೂ ಇದ್ದಾರೆ.

ಸ್ಟಿಯರಿಂಗ್ ನೋಡುವುದು ಸುಲಭ. ಮುಂದಿನ ಚಕ್ರ ಜ್ಯಾಕಿನಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್‌ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಹೆಚ್ಚಾಗಿ ಟೈರಾಡ್. ಬ್ರೇಕ್ ಆಯಿಲ್ ಪೂರಾ ತೆಗೆಸಿ ಹೊಸತು ಹಾಕಿಸಿ, ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಅದೂ ಹೋಗಲಿ. ಇದರಲ್ಲಿ ಉಳಿತಾಯ ಬೇಡ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿಗಳು ಆಳ ಇದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟ ಟಯರ್ ಮಳೆಯಲ್ಲಿ ಹಿಡಿಯುವುದಿಲ್ಲ. ನಮ್ಮ ಊರಿಗೆ, ನನ್ನ ಅಭಿಪ್ರಾಯದಲ್ಲಿ, ಆಲ್ ಟೆರೇನ್ ಸಾಕು. ದೊಡ್ಡ ಹಲ್ಲಿನ ಮಡ್ ಟೆರೇನ್ ನೋಡಲು ಚಂದ, ಆದರೆ ವರ್ಷದ ಬಹುಪಾಲು ದಿನ ಗಾಡಿ ಓಡುವುದು ಡಾಮರಿನಲ್ಲಿ, ಅಲ್ಲಿ ಮಳೆಗೆ ಬ್ರೇಕ್ ಹಿಡಿದರೆ ಅದು ಜಾರುವುದು ಜಾಸ್ತಿ. ಸ್ಟೆಪ್ನಿ ಸೇರಿ ಐದೂ ಒಂದೇ ಅಳತೆಯದ್ದಿರಲಿ. ದುಬೈ, ಸೌದಿಯಲ್ಲಿ ಮರಳಿಗೆ ಇಳಿದವರಿಗೆ ಗಾಳಿ ಕಮ್ಮಿ ಮಾಡುವ ವಿದ್ಯೆ ಗೊತ್ತು. ಅಲ್ಲಿ 15 ಪಿಎಸ್‌ಐಗೂ ಇಳಿಸುತ್ತಾರೆ. ನಮ್ಮ ಮುರಕಲ್ಲಿನ ಅಂಚು ಟಯರಿನ ಬದಿಯನ್ನು ಸೀಳುತ್ತದೆ, ಹಾಗಾಗಿ ಇಲ್ಲಿ 20ರ ಆಸುಪಾಸಿನಲ್ಲಿ ನಿಲ್ಲಿಸುವುದು ಕ್ಷೇಮ. ಮರಳಿ ರಸ್ತೆಗೆ ಬಂದ ಕೂಡಲೇ ತುಂಬಿಸಲು ಬ್ಯಾಟರಿಗೆ ಸಿಕ್ಕಿಸುವ ಪಂಪ್ ಬೇಕು.

ಹೂತ ಗಾಡಿ ಎಳೆಯುವಾಗಲೇ ಜೀವ ಹೋಗುವ ಅಪಾಯ ಹೆಚ್ಚು. ಬಂಪರಿಗೆ ಹಗ್ಗ ಕಟ್ಟಿ ಎಳೆದರೆ ಬಂಪರ್ ಕಿತ್ತು ಗುಂಡಿನ ಹಾಗೆ ಬರುತ್ತದೆ. ಚಾಸಿಗೆ ಬೋಲ್ಟ್ ಮಾಡಿದ ಹುಕ್ ಮುಂದೆಯೂ ಹಿಂದೆಯೂ ಇರಬೇಕು. ತೂಕ ತಾಳುವ ಪ್ರಮಾಣ ಬರೆದಿರುವ ಡಿ ಶಾಕಲ್ (19 ಮಿಮೀ ದಪ್ಪದ್ದರಲ್ಲಿ ಸಾಮಾನ್ಯವಾಗಿ 4.75 ಟನ್ ಎಂದಿರುತ್ತದೆ), ಗಾಡಿಯ ತೂಕದ ಎರಡು ಮೂರು ಪಟ್ಟು ತಾಳುವ ಹಗ್ಗ, ಒಂದು ಹಾರೆ, ಜ್ಯಾಕಿನ ಅಡಿಗೆ ಇಡಲು ದಪ್ಪ ಹಲಗೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿ ಹೊದೆಸಿ. ಹಗ್ಗದ ಉದ್ದಕ್ಕಿಂತ ದೂರ ಎಲ್ಲರೂ ನಿಲ್ಲಲಿ, ಮೊಬೈಲಿನಲ್ಲಿ ವಿಡಿಯೋ ಮಾಡುವವನೂ ಸೇರಿ.

ಇನ್ನು ಅಲಂಕಾರ. ಕಬ್ಬಿಣದ ಕ್ರ್ಯಾಶ್ ಗಾರ್ಡ್ ಕಾನೂನುಬಾಹಿರ ಎಂದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಕಂಪೆನಿಯ ಮೂಲ ರೂಪಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇಂತಹ ಒಂದೊಂದು ಬದಲಾವಣೆಗೂ ಮಾಲಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ಇನ್ಶೂರೆನ್ಸ್ ಕಂಪೆನಿಗೂ ತಕರಾರು ತೆಗೆಯಲು ಒಂದು ನೆಪ ಸಿಕ್ಕಿದಂತೆ. ಇಸ್ರಾಫ್ ಬಗ್ಗೆ ಉಸ್ತಾದರು ಹೇಳುವುದು ಬೇರೆಯೇ ಉಂಟು. ಕಾಸರಗೋಡಿನಿಂದ ತಂದ ಗಾಡಿಯಾದರೆ ಎನ್‌ಒಸಿ, ಇಲ್ಲಿನ ತೆರಿಗೆ, ಹೆಸರು ಬದಲಾವಣೆ ಮುಗಿಯದೆ ಗುಡ್ಡಕ್ಕೆ ಹೊರಡಬೇಡಿ. ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸಿದರೆ ಗಾಡಿಯೇ ಜಪ್ತಿಯಾದೀತು.

ಮನೆಯವರು ಗಮನಿಸಬೇಕಾದದ್ದು ಹಿಂದಿನ ಸೀಟು. ಹಳೇ ಥಾರ್‌ನಲ್ಲಿ ಹಿಂದೆ ಎದುರುಬದುರು ಕೂರುವ ಬೆಂಚು, ಮೇಲೆ ಬಟ್ಟೆಯ ಹೊದಿಕೆ. ಇಳಿಜಾರಿನಲ್ಲಿ ಗಾಡಿ ಮಗುಚಿದರೆ ಅಲ್ಲಿರುವವರಿಗೆ ಏನೂ ರಕ್ಷೆ ಇಲ್ಲ. ಗುಡ್ಡಕ್ಕೆ ಹೋಗುವ ದಿನ ಮಕ್ಕಳನ್ನು ಅಲ್ಲಿ ಕೂರಿಸಬೇಡಿ. "ಬೇಡ ಮೋನೇ" ಎಂದು ಉಮ್ಮ ಹೇಳಿದರೆ ಆ ಮಾತಿಗೆ ಕಾರಣ ಉಂಟು.

ಇಂತಹ ಗಾಡಿಯ ಬೆಲೆ ಗೊತ್ತಾಗುವುದು ರಸ್ತೆ ಹೋದ ದಿನ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ, 2024ರ ಜುಲೈ ಕೊನೆಗೆ ವಯನಾಡಿನ ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋದಾಗ ಸಾಮಾನ್ಯ ಕಾರುಗಳಿಂದ ಏನೂ ಆಗುತ್ತಿರಲಿಲ್ಲ. ವಯನಾಡಿನ ಕೆಸರಿನಲ್ಲಿ ಜೀಪುಗಳು ಓಡಾಡಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅಂಥ ಹೊತ್ತಿನಲ್ಲಿ ಅರ್ಧ ದಾರಿಯಲ್ಲಿ ಕೆಟ್ಟು ನಿಂತ ಜೀಪು ಹಿಂದಿನ ಆ್ಯಂಬುಲೆನ್ಸಿಗೂ ಅಡ್ಡಿ.

ಮೊದಲ ಓಟ ಸ್ವಂತ ತೋಟದಲ್ಲೇ ಆಗಲಿ, ಎಳೆಯಲು ಇನ್ನೊಂದು ಗಾಡಿ ಹತ್ತಿರ ಇರಲಿ. ತೋಡು ದಾಟುವುದಿದ್ದರೆ ಮೊದಲು ಕಾಲ್ನಡಿಗೆಯಲ್ಲಿ ಇಳಿದು ನೋಡಿ, ಚಕ್ರದ ನಡುಭಾಗ ಮೀರಿ ನೀರಿದ್ದರೆ ಬೇಡ. ನೀರಿನಲ್ಲಿ ಇಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಎಳೆದು ದಡಕ್ಕೆ ತನ್ನಿ. ಮನೆಗೆ ಬಂದು ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದು, ಮರುದಿನ ಬೆಳಿಗ್ಗೆ ಗಾಡಿ ನಿಂತ ಜಾಗದಲ್ಲಿ ಎಣ್ಣೆಯ ಹನಿ ಬಿದ್ದಿದೆಯಾ ಎಂದು ನೋಡಿ. ಬಿದ್ದಿದ್ದರೆ ಎಲ್ಲಿಂದ ಎಂದು ಗುರುತು ಹಾಕಿ ಗ್ಯಾರೇಜಿಗೆ ಕೊಡಿ.